ಪ್ರೊ ಕನ್ಸೋಲ್ ಕೊಳ್ಳಬೇಕಾ? ಮೊದಲು ಟಿವಿ ನೋಡಿ

ಗೇಮ್ ಕನ್ಸೋಲ್ ಬಂದು ಮೂರ್ನಾಲ್ಕು ವರ್ಷವಾಗುವಷ್ಟರಲ್ಲಿ ಅದಕ್ಕೊಬ್ಬ ಅಣ್ಣ ಹುಟ್ಟಿಕೊಳ್ಳುತ್ತಾನೆ. 2013ರ ಪ್ಲೇಸ್ಟೇಷನ್ 4ಕ್ಕೆ 2016ರಲ್ಲಿ ಪ್ರೊ ಬಂತು. ಎಕ್ಸ್‌ಬಾಕ್ಸ್ ಒನ್‌ಗೆ 2017ರಲ್ಲಿ ಒನ್ ಎಕ್ಸ್. 2020ರ ಪ್ಲೇಸ್ಟೇಷನ್ 5ಕ್ಕೆ 2024ರಲ್ಲಿ ಪ್ರೊ. ಕೈಲಿರುವುದು ಚೆನ್ನಾಗೇ ಓಡುತ್ತಿದ್ದರೆ ಬದಲಾಯಿಸಬೇಕಾ? ಒಂದೊಂದಾಗಿ ನೋಡೋಣ.

1. ಟಿವಿ ಏನು ತೋರಿಸಬಲ್ಲದು?
ಪ್ಲೇಸ್ಟೇಷನ್ 5ರ ಸೆಟ್ಟಿಂಗ್ಸ್‌ನಲ್ಲಿ ‘ಸ್ಕ್ರೀನ್ ಅಂಡ್ ವಿಡಿಯೊ’ ತೆರೆದರೆ ಟಿವಿಗೆ ಈಗ ಯಾವ ಸಿಗ್ನಲ್ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಅಲ್ಲಿ 1080ಪಿ (ಫುಲ್ ಎಚ್‌ಡಿ) ಎಂದಿದ್ದು, ಟಿವಿಯೂ ಅಷ್ಟರದ್ದೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಪ್ರೊ ತಂದರೂ ಚಿತ್ರ ತುಸು ನಯವಾದೀತು, ಅಷ್ಟೇ. 4ಕೆ ಚಿತ್ರ ಸೆಕೆಂಡಿಗೆ 120 ಫ್ರೇಮ್‌ನಲ್ಲಿ ಬೇಕೆಂದರೆ ಟಿವಿಯಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇರಲೇಬೇಕು.

2. ಒಳಗೆ ಏನು ಬದಲಾಗಿದೆ?
ಜಾಹೀರಾತು ಇದನ್ನು ಬಿಡಿಸಿ ಹೇಳುವುದಿಲ್ಲ. ನಡುವೆ ಬರುವ ಕನ್ಸೋಲ್‌ಗಳಲ್ಲಿ ಹೆಚ್ಚಿನ ಬಲ ಹೋಗುವುದು ಗ್ರಾಫಿಕ್ಸ್‌ಗೆ. ಪ್ಲೇಸ್ಟೇಷನ್ 4ರ ಗ್ರಾಫಿಕ್ಸ್ ಶಕ್ತಿ 1.84 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ) ಇದ್ದದ್ದು ಪ್ರೊದಲ್ಲಿ 4.2 ಆಯಿತು. ಆದರೆ ಗೇಮ್‌ನ ಉಳಿದ ಲೆಕ್ಕಾಚಾರ ನೋಡಿಕೊಳ್ಳುವ ಮುಖ್ಯ ಚಿಪ್, ಅಂದರೆ ಸಿಪಿಯು ವೇಗ 1.6 ಗಿಗಾಹರ್ಟ್ಸ್‌ನಿಂದ 2.1ಕ್ಕೆ ಏರಿತು, ಅಷ್ಟೇ. ಪ್ಲೇಸ್ಟೇಷನ್ 5 ಪ್ರೊದಲ್ಲೂ ಇದೇ ಕಥೆ. ಚಿತ್ರ ಬಿಡಿಸುವ ವೇಗ ಶೇ 45ರವರೆಗೆ ಜಾಸ್ತಿ ಎನ್ನುತ್ತದೆ ಸೋನಿ. ಸಿಪಿಯು ಮಾತ್ರ ಹೆಚ್ಚುಕಡಿಮೆ ಹಳೆಯದೇ.

ಹಾಗಾಗಿ ನೀವಾಡುವ ಗೇಮ್ ಎಲ್ಲಿ ತಡವರಿಸುತ್ತದೆ ಎಂದು ಗಮನಿಸಿ. ಫ್ರೇಮ್ ವೇಗಕ್ಕೆ ಒತ್ತು ಕೊಡುವ ‘ಪರ್ಫಾರ್ಮೆನ್ಸ್ ಮೋಡ್’ ಹಾಕಿದಾಗ ಚಿತ್ರ ಮಸುಕಾಗುತ್ತದೆ ಎಂಬುದೇ ನಿಮ್ಮ ಗೋಳಾದರೆ ಪ್ರೊ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜನ ಗಿಜಿಗುಡುವ ಊರಿನ ನಡುವೆ ಬಂದಾಗ ಮಾತ್ರ ಗೇಮ್ ಎಳೆದಾಡುತ್ತದೆಯೇ? ಅಲ್ಲಿ ಸುಸ್ತಾಗಿರುವುದು ಬಹುಶಃ ಸಿಪಿಯು. ಪ್ರೊ ತಂದರೂ ಹೆಚ್ಚೇನೂ ಬದಲಾಗದು.

3. ಗೇಮ್‌ಗೆ ಅಪ್‌ಡೇಟ್ ಬಂದಿದೆಯೇ?
ಹೊಸ ಗ್ರಾಫಿಕ್ಸ್ ಪೂರ್ತಿ ಬಳಕೆಯಾಗಲು ಸಾಮಾನ್ಯವಾಗಿ ಗೇಮ್ ಮಾಡಿದವರೇ ಅಪ್‌ಡೇಟ್ ಕೊಡಬೇಕು. ಸ್ಟೋರ್‌ನಲ್ಲಿ ‘ಪಿಎಸ್5 ಪ್ರೊ ಎನ್‌ಹಾನ್ಸ್‌ಡ್’ ಎಂಬ ಗುರುತು ಹುಡುಕಿ. ನೀವು ದಿನಾ ಆಡುವ ನಾಲ್ಕು ಗೇಮ್‌ಗಳಲ್ಲಿ ಒಂದಕ್ಕೂ ಅದಿಲ್ಲದಿದ್ದರೆ ಅವಸರ ಯಾಕೆ?

4. ಗೇಮ್ ಇಡಲು ಜಾಗ ಸಾಲದಿರುವುದೇ ತೊಂದರೆಯೇ?
ಹಾಗಾದರೆ ಕನ್ಸೋಲ್ ಬದಲಿಸಬೇಡಿ, ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಕಾರ್ಡ್) ಹಾಕಿ. ಹಲವರಿಗೆ ಬೇಕಿರುವುದು ಇದೇ ಎಂದು ನನ್ನ ಅನಿಸಿಕೆ. ಪ್ಲೇಸ್ಟೇಷನ್ 5ರೊಳಗೆ ಅದನ್ನು ಕೂರಿಸಲು ಎಂ.2 ಎಂಬ ಸ್ಲಾಟ್ ಇದೆ. ‘ಜೆನ್ 4 ಎನ್‌ವಿಎಂಇ’ ಬಗೆಯ ಕಾರ್ಡ್, ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಓದುವಂಥದ್ದು ತನ್ನಿ. ಬಿಸಿ ಹೀರುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್ ಬೇಕೇ ಬೇಕು. ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ದಾಟಬಾರದು.

ಕನ್ಸೋಲ್ ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡ್ ಸಾಲದು. ವೈರ್‌ಗಳನ್ನೆಲ್ಲ ತೆಗೆದು ಬಿಸಿ ಆರಲು ಬಿಡಿ. ಹೊರಗಿನ ಹೊದಿಕೆ, ಆಮೇಲೆ ಸ್ಲಾಟ್ ಮೇಲಿನ ಮುಚ್ಚಳ ತೆಗೆಯಿರಿ. ಕಾರ್ಡನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಹಾಕಿ. ಒತ್ತಾಯ ಬೇಡ. ಎರಡನ್ನೂ ಮತ್ತೆ ಮುಚ್ಚಿ ಆನ್ ಮಾಡಿದರೆ ಫಾರ್ಮ್ಯಾಟ್ ಮಾಡಲೇ ಎಂದು ಅದೇ ಕೇಳುತ್ತದೆ.

5. ಡಿಸ್ಕ್‌ಗಳಿವೆಯೇ?
ಪ್ಲೇಸ್ಟೇಷನ್ 5 ಪ್ರೊ ಜೊತೆ ಡಿಸ್ಕ್ ಡ್ರೈವ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಇರಬೇಕು.

6. ಕೊಂಡ ಮೇಲೆ
ಎರಡೂ ಕನ್ಸೋಲ್ ಒಂದೇ ನೆಟ್‌ವರ್ಕ್‌ನಲ್ಲಿರಲಿ. ಲ್ಯಾನ್ ಕೇಬಲ್ ಇದ್ದರೆ ಬೇಗ ಮುಗಿಯುತ್ತದೆ. ಸೆಟ್ಟಿಂಗ್ಸ್‌ನ ‘ಸಿಸ್ಟಮ್ ಸಾಫ್ಟ್‌ವೇರ್’ ಒಳಗಿನ ‘ಡೇಟಾ ಟ್ರಾನ್ಸ್‌ಫರ್’ ಗೇಮ್‌ಗಳನ್ನೂ ಸೇವ್‌ಗಳನ್ನೂ ಹೊಸದಕ್ಕೆ ದಾಟಿಸುತ್ತದೆ. ಹೊಸದರಲ್ಲಿ ಒಂದೆರಡು ಸೇವ್ ತೆರೆದು ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ಹಳೆಯದರಲ್ಲಿ ನಿಮ್ಮ ಖಾತೆಯನ್ನು ಆ ಕನ್ಸೋಲ್‌ಗೆ ಜೋಡಿಸಿಡುವ ‘ಕನ್ಸೋಲ್ ಶೇರಿಂಗ್’ ಆಫ್ ಮಾಡಿ, ರೀಸೆಟ್ ಕೊಟ್ಟು ಮಾರಿ.