ತಣ್ಣಗಿನ ಇಂಜಿನ್‌ಗೆ ಬೆಂಕಿ ಹಾಕುತ್ತಿದ್ದ ಕಾಲ

ಮೈಸೂರು ವಿಭಾಗದ ಒಂದು ಮೀಟರ್ ಗೇಜ್ ಶೆಡ್‌ನಲ್ಲಿ ನಾನು ಖಲಾಸಿಯಾಗಿದ್ದೆ. ನಡುವೆ ಇಂಜಿನ್ ತಿರುಗಿಸುವ ಟರ್ನ್‌ಟೇಬಲ್, ಸುತ್ತ ಬೀಸಣಿಗೆ ಕಡ್ಡಿಗಳ ಹಾಗೆ ಹರಡಿದ ಹಳಿಗಳು. ಒಂದೊಂದರ ಮೇಲೂ ಒಂದು ಸ್ಟೀಮ್ ಇಂಜಿನ್: ಪ್ಯಾಸೆಂಜರ್ ಗಾಡಿ ಎಳೆಯುವ ವೈಪಿ, ಇಲ್ಲವೇ ಗೂಡ್ಸ್ ಎಳೆಯುವ ವೈಜಿ. ಬಾಯ್ಲರ್ ತೊಳೆದು ನಿಲ್ಲಿಸಿದ ಇಂಜಿನ್‌ಗೆ ರಾತ್ರಿ ಬೆಂಕಿ ಹಾಕಿ, ಬೆಳಗಿನ ಗಾಡಿಗೆ ಸ್ಟೀಮ್ ಮಾಡಿಕೊಡುವುದು ನನ್ನ ಕೆಲಸ.

ಮೊದಲು ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ನೋಡಬೇಕು. ನೀರು ಕಮ್ಮಿ ಇದ್ದರೆ ಬೆಂಕಿಯ ಮಾತೇ ಇಲ್ಲ. ಬೆಂಕಿಗೂಡಿನ ನೆತ್ತಿಯ ಸೀಸದ ಪ್ಲಗ್ ಕರಗಿದರೆ ನಮ್ಮ ನೌಕರಿಯೂ ಜೊತೆಗೇ ಕರಗುತ್ತದೆ! ಆಮೇಲೆ ತೆಳ್ಳಗೆ ಕಲ್ಲಿದ್ದಲು, ಮೇಲೆ ಸೌದೆ, ಎಣ್ಣೆಯಲ್ಲಿ ಅದ್ದಿದ ಕಾಟನ್ ವೇಸ್ಟ್. ಹೊಗೆಯನ್ನು ಚಿಮಣಿಗೆ ಎಳೆಯುವ ಬ್ಲೋವರ್ ನಡೆಯೋದಕ್ಕೂ ಸ್ಟೀಮ್ ಬೇಕಲ್ವಾ? ಪಕ್ಕದ ಇಂಜಿನ್ ಬಿಸಿಯಾಗಿದ್ದರೆ ಪೈಪ್ ಹಾಕಿ ಸಾಲ ಪಡೆಯುತ್ತಿದ್ದೆವು. ಇಲ್ಲದಿದ್ದರೆ ಹೊಗೆಯೆಲ್ಲ ನಮ್ಮ ಮುಖಕ್ಕೇ.

ವೈಪಿಯ ಪೂರ್ತಿ ಸ್ಟೀಮ್ ಒತ್ತಡ ಚದರ ಇಂಚಿಗೆ 210 ಪೌಂಡ್. ಅಲ್ಲಿಗೆ ಮುಟ್ಟಲು ಹೆಚ್ಚುಕಡಿಮೆ ಇಡೀ ರಾತ್ರಿ. ಒಮ್ಮೆ ನಿದ್ದೆ ಮಾಡಿ, ತಡವಾಯಿತೆಂದು ಜಾಸ್ತಿ ಕಲ್ಲಿದ್ದಲು ಸುರಿದೆ. ಬಾಯ್ಲರ್ ಒಂದು ಕಡೆ ಕಾದು ಹಿಗ್ಗಿ, ಇನ್ನೊಂದು ಕಡೆ ತಣ್ಣಗೇ ಇತ್ತು. ಟ್ಯೂಬ್‌ಗಳ ಬಾಯಲ್ಲಿ ನೀರು ಜಿನುಗಿ ಬೆಂಕಿ ಚುಂಯ್‌ಗುಟ್ಟಿತು. ಆ ದಿನದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಟರ್ನ್‌ಟೇಬಲ್‌ನದು ಬೇರೆಯೇ ಲೆಕ್ಕ. ಇಂಜಿನ್‌ನ ತೂಕ ಸರಿಯಾಗಿ ನಡುಗೂಟದ ಮೇಲೆ ಕೂತರೆ ಇಬ್ಬರು ಭುಜ ಕೊಟ್ಟು ತಿರುಗಿಸಬಹುದು. ಅರ್ಧ ಗೇಣು ತಪ್ಪಿದರೆ ಆರು ಜನ ಬಂದರೂ ಜಗ್ಗುವುದಿಲ್ಲ. ನಾನು ಹಳಿ ಪಕ್ಕ ಸೀಮೆಸುಣ್ಣದ ಗೆರೆ ಹಾಕಿಟ್ಟಿದ್ದೆ. ಮುಂದಿನ ಚಕ್ರ ಅಲ್ಲಿಗೆ ಬಂದರೆ ಸಾಕು, ಕೈ ಎತ್ತುತ್ತಿದ್ದೆ.

ಚಿತ್ತರಂಜನ್ ಕಾರ್ಖಾನೆ ಕೊನೆಯ ವೈಜಿ ಕಟ್ಟಿದ್ದು 1972ರಲ್ಲಿ. ಆಮೇಲೆ ಬಂದದ್ದೆಲ್ಲ ಡೀಸೆಲ್. ಅದಕ್ಕೆ ಬೂದಿ ಬಳಿಯೋದಿಲ್ಲ, ರಾತ್ರಿಯೆಲ್ಲ ಕಾಯೋದಿಲ್ಲ. ನಿಜ ಹೇಳಬೇಕೆಂದರೆ ನನ್ನ ಬೆನ್ನಿಗೆ ಖುಷಿಯೇ ಆಯಿತು.

ನಮ್ಮ ಕೊನೆಯ ವೈಪಿ ಗುಜರಿಗೆ ಹೊರಟ ದಿನ ಅದನ್ನು ತಂತಿ ಹಗ್ಗ ಕಟ್ಟಿ ಟೇಬಲ್ ಮೇಲೆ ಎಳೆದರು. ಚಕ್ರ ಗೆರೆಗೆ ಬಂತು, ನಾನು ಕೈ ಎತ್ತಿದೆ. ಭುಜ ಕೊಟ್ಟರೆ ಟೇಬಲ್ ಅಲುಗಲಿಲ್ಲ. ಇಂಜಿನ್ ಹಿಂದಿನ ಟೆಂಡರ್‌ನಲ್ಲಿ ನೀರೂ ಇಲ್ಲ, ಕಲ್ಲಿದ್ದಲೂ ಇಲ್ಲ. ಭಾರವೆಲ್ಲ ಮುಂದಕ್ಕೆ ಬಿದ್ದಿತ್ತು. ನನ್ನ ಗೆರೆ ತುಂಬಿದ ಇಂಜಿನ್‌ಗೆ ಹಾಕಿದ್ದು. ಹಾರೆ ಹಾಕಿ ಸ್ವಲ್ಪ ಹಿಂದಕ್ಕೆ ಸರಿಸಿದ ಮೇಲೆಯೇ ಅದು ತಿರುಗಿದ್ದು.