ಎದುರಿಗೆ ಮನುಷ್ಯರಿದ್ದರೆ ಯಾವ ಸ್ಟ್ರಾಟಜಿ ಗೇಮ್?

ಕಂಪ್ಯೂಟರ್ ಜೊತೆ ಆಡುವಾಗ ಟರ್ನ್ ಬೇಸ್ಡ್, ಅಂದರೆ ಸರದಿ ಪ್ರಕಾರ ಆಡುವ, ಸ್ಟ್ರಾಟಜಿ ಗೇಮ್‌ಗಳ ಅರ್ಧ ತಾಪತ್ರಯ ಗೊತ್ತೇ ಆಗುವುದಿಲ್ಲ. ಅದು ತನ್ನ ಟರ್ನ್ ಚಕಚಕ ಮುಗಿಸುತ್ತದೆ. ನೀವು ಮಧ್ಯೆ ಊಟಕ್ಕೆ ಎದ್ದು ಹೋದರೆ ಗೊಣಗುವುದಿಲ್ಲ. ಸೋಲು ಖಚಿತ ಅಂತಾದರೂ ಕೊನೇ ಸೈನಿಕ ಸಾಯುವ ತನಕ ಕೂತಿರುತ್ತದೆ. ಆ ಜಾಗಕ್ಕೆ ನಿಮ್ಮ ಗೆಳೆಯನೋ ತಂಗಿಯೋ ಬಂದು ಕೂತರೆ ಕಥೆ ಬೇರೆ. ಅವರಿಗೆ ಬೆಳಗ್ಗೆ ಆಫೀಸ್ ಇರುತ್ತದೆ, ಕಾದರೆ ಬೇಜಾರಾಗುತ್ತದೆ, ಸೋಲುತ್ತಿದ್ದರೆ ಸಿಟ್ಟು ಬರುತ್ತದೆ.

ಒಬ್ಬರೇ ಆಡಲು ಸೂಪರ್ ಅನ್ನಿಸಿಕೊಂಡ ಎಷ್ಟೋ ಗೇಮ್‌ಗಳು ಗೆಳೆಯರ ನಡುವೆ ಎರಡೇ ಸಂಜೆಗೆ ನಿಂತುಹೋಗುವುದು ಇದಕ್ಕೇ. ಎದುರಾಳಿಯ ಟರ್ನ್ ನಡೆಯುವಾಗ ನೀವು ಎಷ್ಟು ಹೊತ್ತು ಕಾಯಬೇಕು, ಕಾಯುತ್ತಾ ಏನು ಮಾಡಬೇಕು ಅನ್ನುವುದನ್ನು ಮೊದಲು ನೋಡಿ. ಗ್ರಾಫಿಕ್ಸ್, ಕಥೆ, ರೇಟಿಂಗ್ ಎಲ್ಲ ಆಮೇಲೆ.

1. ಜನ ಎಣಿಸಿ, ಗಡಿಯಾರ ನೋಡಿ

ಇಬ್ಬರೇ ಇದ್ದರೆ ನಿಮ್ಮ ಅದೃಷ್ಟ, ಹೆಚ್ಚುಕಮ್ಮಿ ಯಾವ ಗೇಮ್ ಆದರೂ ನಡೆಯುತ್ತದೆ. ಮೂವರು ಅಂದರೆ ಸ್ವಲ್ಪ ತಲೆನೋವು. ಇಬ್ಬರು ಸೇರಿ ಒಬ್ಬನನ್ನು ಮುಗಿಸುತ್ತಾರೆ, ಮುಗಿದವನು ಉಳಿದ ಹೊತ್ತು ಮೊಬೈಲ್ ನೋಡುತ್ತಾ ಕೂರುತ್ತಾನೆ. ನಾಲ್ವರಿದ್ದರೆ ಇಬ್ಬಿಬ್ಬರ ತಂಡ ಮಾಡುವ ಅವಕಾಶ ಇರುವ ಗೇಮ್ ಹುಡುಕಿ. ಜೊತೆಗಾರ ಉಳಿದಿರುವ ತನಕ ಸತ್ತವನಿಗೂ ಮಾತಾಡಲು ಏನಾದರೂ ಇರುತ್ತದೆ.

ಆಮೇಲೆ ಸಮಯ. ಬೆಂಗಳೂರಿನಲ್ಲಿ ರಾತ್ರಿ 9 ಆದಾಗ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 8.30, ಜರ್ಮನಿಯಲ್ಲಿ ಸಂಜೆ 5.30. ಕಾಲೇಜಿನ ಗುಂಪು ಹೀಗೆ ಮೂರು ಕಡೆ ಚದುರಿದ್ದರೆ ಎಲ್ಲರೂ ಒಟ್ಟಿಗೆ ಮೂರು ಗಂಟೆ ಕೂರುವುದು ವರ್ಷಕ್ಕೆ ಒಂದೋ ಎರಡೋ ಸಲ. ಅಂಥವರಿಗೆ ಬಿಡುವಾದಾಗ ಟರ್ನ್ ಹಾಕಿ ಹೋಗುವ ಗೇಮೇ ಗತಿ. ಒಂದೇ ಮನೆಯಲ್ಲಿರುವ ಅಣ್ಣ ತಮ್ಮಂದಿರಿಗೆ ಹಾಟ್‌ಸೀಟ್ ಸಾಕು. ಅಂದರೆ ಒಂದೇ ಕಂಪ್ಯೂಟರ್, ಸರದಿ ಪ್ರಕಾರ ಕುರ್ಚಿ ಬದಲಾವಣೆ.

2. ಟರ್ನ್ ನಡೆಯುವ ರೀತಿ ತಿಳಿದುಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ಟರ್ನ್ ಬೇಸ್ಡ್ ಅಂತ ಬರೆದಿರುವ ಗೇಮ್‌ಗಳೆಲ್ಲ ಒಂದೇ ಥರ ನಡೆಯುವುದಿಲ್ಲ.

ಒಂದು, ಚೆಸ್ ಥರದ್ದು. ನಾನು ಮುಗಿಸಿದ ಮೇಲೆ ನೀನು. ಬ್ಯಾಟಲ್ ಫಾರ್ ವೆಸ್ನಾತ್, ಪಾಲಿಟೋಪಿಯಾ, ವಾರ್‌ಗ್ರೂವ್ ಎಲ್ಲ ಈ ಜಾತಿ. ಇಬ್ಬರಿಗೆ ತುಂಬ ಚೆನ್ನಾಗಿರುತ್ತದೆ. ನಾಲ್ವರಿಗೆ ಲೆಕ್ಕ ಹಾಕಿ: ಒಬ್ಬೊಬ್ಬರು ನಾಲ್ಕು ನಿಮಿಷ ತೆಗೆದುಕೊಂಡರೆ ನಾಲ್ಕು ನಿಮಿಷದ ಆಟಕ್ಕೆ ಹನ್ನೆರಡು ನಿಮಿಷ ಕಾಯಬೇಕು. ಯಾರು ಕೂರುತ್ತಾರೆ?

ಎರಡನೆಯದು, ಎಲ್ಲರೂ ಒಟ್ಟಿಗೆ ಆಡುವುದು. ಊರು ಕಟ್ಟಿ ಸಾಮ್ರಾಜ್ಯ ಬೆಳೆಸುವ ಸಿವಿಲೈಸೇಶನ್ ಸರಣಿಯ ಆನ್‌ಲೈನ್ ಆಟ, ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿದ ಉಚಿತ ಗೇಮ್ ಫ್ರೀಸಿವ್ ಹೀಗೆ ನಡೆಯುತ್ತವೆ. ಟರ್ನ್ ಶುರುವಾದ ಕೂಡಲೇ ಎಲ್ಲರೂ ತಮ್ಮ ಊರು, ರೈತ, ಸೈನ್ಯ ನೋಡಿಕೊಳ್ಳುತ್ತಾರೆ. ಎಲ್ಲರದ್ದೂ ಮುಗಿದಾಗ ಮುಂದಿನ ಟರ್ನ್. ಶಾಂತಿ ಇರುವ ತನಕ ಇದು ಸೊಗಸು. ಯುದ್ಧ ಶುರುವಾಯಿತು ಅನ್ನಿ, ಯಾರ ಬೆರಳು ಚುರುಕೋ ಅವರು ಮೊದಲು ಹೊಡೆಯುತ್ತಾರೆ. ಯೋಚನೆಯ ಆಟ ಅಂತ ಕೂತವನು ಮೌಸ್ ಓಡಿಸುವ ರೇಸಿನಲ್ಲಿ ಸೋಲುತ್ತಾನೆ. ಇದಕ್ಕೆ ಸಿವಿಲೈಸೇಶನ್ 6ರಲ್ಲಿ ಡೈನಾಮಿಕ್ ಟರ್ನ್ಸ್ ಅನ್ನುವ ಆಯ್ಕೆ ಇದೆ. ಶಾಂತಿಯಲ್ಲಿ ಎಲ್ಲರೂ ಒಟ್ಟಿಗೆ, ಯುದ್ಧ ಮಾಡುತ್ತಿರುವವರು ಮಾತ್ರ ಒಬ್ಬರಾದ ಮೇಲೆ ಒಬ್ಬರು. ಆಟ ಶುರು ಮಾಡುವ ಪರದೆಯಲ್ಲೇ ಅದನ್ನು ಆರಿಸಿಕೊಳ್ಳಿ.

ಮೂರನೆಯದು ನನಗೆ ಅಚ್ಚುಮೆಚ್ಚು. ಎಲ್ಲರೂ ಗುಟ್ಟಾಗಿ ಆದೇಶ ಬರೆದಿಡುತ್ತಾರೆ, ಆಮೇಲೆ ಎಲ್ಲರದ್ದೂ ಒಟ್ಟಿಗೆ ನಡೆದುಹೋಗುತ್ತದೆ. 1959ರಲ್ಲಿ ಬಂದ ಡಿಪ್ಲೊಮಸಿ ಎಂಬ ಬೋರ್ಡ್ ಗೇಮ್ ಇದರ ಹಿರಿಯಣ್ಣ. ಏಳು ಆಟಗಾರರು, ದಾಳವೇ ಇಲ್ಲ, ಇರುವುದೆಲ್ಲ ಒಪ್ಪಂದ ಮತ್ತು ದ್ರೋಹ. ಮೊದಲು ಅಂಚೆಯಲ್ಲಿ ಆಡುತ್ತಿದ್ದರು, ಈಗ ಬ್ರೌಸರ್‌ನಲ್ಲಿ ಆಡುತ್ತಾರೆ. ಕಂಪ್ಯೂಟರ್ ಗೇಮ್‌ಗಳಲ್ಲಿ 2011ರ ಫ್ರೋಝನ್ ಸಿನಾಪ್ಸ್ ನೋಡಿ. ಒಂದು ಟರ್ನ್ ಅಂದರೆ ಐದು ಸೆಕೆಂಡಿನ ಗುಂಡಿನ ಕಾಳಗ. ನಿಮ್ಮ ಸೈನಿಕ ಎಲ್ಲಿ ನಡೆಯಬೇಕು, ಎಲ್ಲಿ ಬಗ್ಗಬೇಕು, ಯಾವ ಕಡೆ ಗುರಿ ಇಡಬೇಕು ಅಂತ ಹೇಳಿ ಕೊಡುತ್ತೀರಿ. ಎದುರಾಳಿ ಹೀಗೆ ಬರಬಹುದು ಅಂತ ನೀವೇ ಊಹಿಸಿ ಅವನ ಸೈನಿಕರನ್ನೂ ಓಡಿಸಿ ನೋಡಬಹುದು. ಅವನು ಬೇರೆ ಬಾಗಿಲಿನಿಂದ ಬಂದರೆ ಮುಗೀತು! ಈ ಬಗೆಯಲ್ಲಿ ಆರು ಜನರಿದ್ದರೂ ಕಾಯುವುದು ಕಡಿಮೆ, ಏಕೆಂದರೆ ಎಲ್ಲರೂ ಒಂದೇ ಹೊತ್ತಿನಲ್ಲಿ ಯೋಚಿಸುತ್ತಿರುತ್ತಾರೆ. ಎದುರಿನವರ ಮನಸ್ಸು ಓದುವ ಮಜಾ ಬೇಕಿದ್ದರೆ ಇದನ್ನೇ ಆರಿಸಿ. ಕಂಪ್ಯೂಟರ್ ಎದುರಾಳಿಯಿಂದ ಆ ಮಜಾ ಸಿಗುವುದಿಲ್ಲ.

3. ಆಟ ಎಷ್ಟು ಉದ್ದ?

ಸಿವಿಲೈಸೇಶನ್ 6ರಲ್ಲಿ ಸ್ಟ್ಯಾಂಡರ್ಡ್ ವೇಗದ ಆಟ 500 ಟರ್ನ್. ಅತಿ ವೇಗದ ಆನ್‌ಲೈನ್ ಸ್ಪೀಡ್‌ನಲ್ಲೂ 250. ಈಗ ಇದನ್ನು ಪ್ಲೇ ಬೈ ಕ್ಲೌಡ್‌ನಲ್ಲಿ, ಅಂದರೆ ಬಿಡುವಾದಾಗ ಟರ್ನ್ ಹಾಕುವ ವಿಧಾನದಲ್ಲಿ, ದಿನಕ್ಕೊಂದು ಟರ್ನ್‌ನಂತೆ ಆಡಿದರೆ? ಎಂಟು ತಿಂಗಳು! ಅಷ್ಟರಲ್ಲಿ ಯಾರಿಗೋ ಮದುವೆ ಆಗಿರುತ್ತದೆ, ಯಾರಿಗೋ ಕೆಲಸ ಬದಲಾಗಿರುತ್ತದೆ. ಆಟ ಎಲ್ಲಿತ್ತು ಅಂತಲೇ ಮರೆತುಹೋಗಿರುತ್ತದೆ.

ನಿಧಾನವಾಗಿ ಆಡುವವರಿಗೆ ಅದಕ್ಕೇ ಚಿಕ್ಕ ಗೇಮ್ ಬೇಕು. ಸ್ವೀಡನ್‌ನ ಮಿಡ್ಜಿವಾನ್ ಕಂಪನಿ 2016ರಲ್ಲಿ ತಂದ ಪಾಲಿಟೋಪಿಯಾ ಇಂಥ ಕಡೆ ಗೆಲ್ಲುತ್ತದೆ. ಮೊಬೈಲ್‌ನಲ್ಲಿ ನಡೆಯುತ್ತದೆ. ಒಂದು ಟರ್ನ್ ಬಸ್ ಕಾಯುವ ಹೊತ್ತಿನಲ್ಲಿ ಮುಗಿಯುತ್ತದೆ. ಮಿನಿ ಸಿವಿಲೈಸೇಶನ್ ಅಂತ ಕರೆದರೆ ತಪ್ಪಿಲ್ಲ. ದುಡ್ಡು ಕೊಡದೆ ದೊಡ್ಡ ರುಚಿಯೇ ಬೇಕು ಅನ್ನುವವರಿಗೆ ಅನ್‌ಸಿವ್ ಇದೆ. ಸಿವಿಲೈಸೇಶನ್ 5ರ ನಿಯಮಗಳನ್ನು ಹಿಡಿದು ಮಾಡಿದ ಓಪನ್ ಸೋರ್ಸ್ ಗೇಮ್. ಆಂಡ್ರಾಯ್ಡ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನೋಡಲು ಚಂದ ಇಲ್ಲ, ಆಡಲು ಏನೂ ಕೊರತೆ ಇಲ್ಲ.

ಒಟ್ಟಿಗೆ ಕೂತು ಆಡುವವರು ಇನ್ನೊಂದನ್ನು ಗಮನಿಸಬೇಕು. ಗೆದ್ದದ್ದು ಯಾರು ಅಂತ ಆಟದ ಅರ್ಧದಲ್ಲೇ ಗೊತ್ತಾಗಿ, ಉಳಿದರ್ಧ ಸುಮ್ನೆ ಗುಡಿಸಿ ಒರೆಸುವ ಕೆಲಸ ಆಗುವ ಗೇಮ್ ಬೇಡ. ಚಿಕ್ಕ ಮ್ಯಾಪ್, ಟರ್ನ್ ಮಿತಿ ಅಥವಾ ಅಂಕದ ಮೇಲೆ ಗೆಲುವು, ಇಂಥ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಸೋಲುತ್ತಿರುವವನು ‘ಸಾಕಪ್ಪ, ಒಪ್ಪಿಕೊಂಡೆ’ ಅಂದಾಗ ಎದ್ದು ಬಿಡುವ ದೊಡ್ಡ ಮನಸ್ಸು ಎಲ್ಲರಿಗೂ ಇರಬೇಕು.

4. ಅದೃಷ್ಟ ಎಷ್ಟು ಸಹಿಸುತ್ತೀರಿ?

ಇದನ್ನು ವೆಸ್ನಾತ್ ಇಟ್ಟುಕೊಂಡು ನೋಡೋಣ. 2003ರಿಂದ ಇರುವ ಉಚಿತ ಗೇಮ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ನಿಮ್ಮ ಈಟಿಗಾರ ಒಂದು ಹಳ್ಳಿಯಲ್ಲಿ ನಿಂತಿದ್ದಾನೆ. ಪಕ್ಕದ ಆರುಮೂಲೆ ಮನೆಗೆ ಎದುರಾಳಿಯ ಓರ್ಕ್ ಗ್ರಂಟ್, ಅಂದರೆ ರಾಕ್ಷಸ ಸೈನಿಕ, ಬಂತು. ಗ್ರಂಟ್‌ಗೆ ಎರಡು ಏಟು, ಒಂದೊಂದು ತಾಗಿದರೂ 9 ಪ್ರಾಣಾಂಕ ಹೋಗುತ್ತದೆ. ಹಳ್ಳಿಯಲ್ಲಿರುವ ಈಟಿಗಾರನಿಗೆ ಒಂದು ಏಟು ತಾಗುವ ಸಾಧ್ಯತೆ ನೂರಕ್ಕೆ 40. ಎರಡೂ ತಾಗುವುದು ನೂರಕ್ಕೆ 16, ಎರಡೂ ತಪ್ಪುವುದು 36. ಇದರ ಮೇಲೆ ಹೊತ್ತಿನ ಲೆಕ್ಕ ಬೇರೆ. ಓರ್ಕ್ ರಾತ್ರಿಯ ಜೀವಿ, ಕತ್ತಲಾದರೆ ಅದರ ಏಟು 11 ಆಗುತ್ತದೆ, ಹಗಲಿನಲ್ಲಿ 7ಕ್ಕೆ ಇಳಿಯುತ್ತದೆ. ಈಟಿಗಾರ ಉಲ್ಟಾ. ಅವನ ಏಟು 7, ಹಗಲಿನಲ್ಲಿ 9, ರಾತ್ರಿ 5. ಆರು ಟರ್ನ್‌ಗೆ ಒಂದು ಹಗಲು ರಾತ್ರಿ ಸುತ್ತುತ್ತದೆ. ಹಾಗಾಗಿ ಜಾಣ ಆಟಗಾರ ಸಂಜೆ ಆಗುತ್ತಿದ್ದಂತೆ ಈಟಿಗಾರರನ್ನು ಹಿಂದಕ್ಕೆ ಎಳೆದು ಹಳ್ಳಿ ಕಾಯಿಸುತ್ತಾನೆ, ಬೆಳಕು ಹರಿದಾಗ ನುಗ್ಗುತ್ತಾನೆ. ಯೋಚನೆಗೆ ಬೇಕಾದಷ್ಟು ಜಾಗ ಇದೆ. ಆದರೂ ಒಂದು ಕೆಟ್ಟ ಗಳಿಗೆಯಲ್ಲಿ ಈಟಿಗಾರನ ಮೂರು ಏಟೂ ತಪ್ಪಿ ಆಟವೇ ಮಗುಚಿಬೀಳುವುದುಂಟು.

ಇದು ಗೇಮ್‌ನ ದೋಷ ಅಂತ ನಾನು ಹೇಳುವುದಿಲ್ಲ. ನಿಮ್ಮ ಗುಂಪಿನಲ್ಲಿ ಒಬ್ಬ ಪಳಗಿದವನು, ಒಬ್ಬ ಹೊಸಬ ಇದ್ದರೆ ಅದೃಷ್ಟ ಸ್ವಲ್ಪ ಇರುವುದೇ ಒಳ್ಳೆಯದು. ಹೊಸಬನಿಗೂ ಆಗಾಗ ಗೆಲ್ಲುವ ಆಸೆ ಉಳಿಯುತ್ತದೆ. ಎಲ್ಲರೂ ಸರಿಸಮ ಇದ್ದು, ಸೋತಾಗ ದಾಳ ಬೈಯುವ ಸ್ವಭಾವ ಇದ್ದರೆ ಡಿಪ್ಲೊಮಸಿ, ಚೆಸ್ ಕಡೆ ಹೋಗಿ.

ಪಕ್ಷಗಳು ಸಮವಾಗಿರಬೇಕಾ ಅನ್ನುವುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ನಮ್ಮ ಆಡು ಹುಲಿ ಆಟದಲ್ಲಿ ಒಬ್ಬನಿಗೆ ಮೂರೇ ಹುಲಿ, ಇನ್ನೊಬ್ಬನಿಗೆ ಹಿಂಡು ಆಡು, ಇಬ್ಬರ ಗುರಿಯೂ ಬೇರೆ. ಆದರೂ ಶತಮಾನಗಳಿಂದ ಜನ ಆಡಿದ್ದಾರೆ, ಅಲ್ವಾ? ಒಂದು ಆಟ ಮುಗಿದ ಮೇಲೆ ಹುಲಿಯವನು ಆಡು ಹಿಡಿಯುತ್ತಾನೆ, ಅಷ್ಟೇ. ಕಂಪ್ಯೂಟರ್ ಗೇಮ್‌ನಲ್ಲೂ ಮೊದಲು ಆಡುವವನಿಗೆ ಲಾಭ ಇದೆ ಅನ್ನಿಸಿದರೆ ಅದೇ ಮ್ಯಾಪ್‌ನಲ್ಲಿ ಜಾಗ ಬದಲಿಸಿ ಇನ್ನೊಂದು ಆಟ ಆಡಿ.

5. ದುಡ್ಡು ಕೊಡುವ ಮುಂಚೆ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಗೇಮ್ ಪುಟದಲ್ಲಿ ಬಲಗಡೆ ಇರುವ ಪಟ್ಟಿ ಓದಿ. ಆನ್‌ಲೈನ್ ಪಿವಿಪಿ ಅಂದರೆ ಮನುಷ್ಯರ ವಿರುದ್ಧ. ಬರೀ ಕೋ-ಆಪ್ ಅಂತಿದ್ದರೆ ಎಲ್ಲರೂ ಸೇರಿ ಕಂಪ್ಯೂಟರ್ ವಿರುದ್ಧ. ಸಿಂಗಲ್ ಪ್ಲೇಯರ್ ಮಾತ್ರ ಇದ್ದರೆ ಆಸೆ ಬಿಡಿ. 2018ರ ಇನ್‌ಟು ದ ಬ್ರೀಚ್ ಎಷ್ಟು ಚೆಂದದ ಗೇಮ್! ಆದರೆ ಅದರಲ್ಲಿ ಇನ್ನೊಬ್ಬರ ಜೊತೆ ಆಡಲು ಆಗುವುದೇ ಇಲ್ಲ.

ಅದೇ ಪಟ್ಟಿಯಲ್ಲಿ ರಿಮೋಟ್ ಪ್ಲೇ ಟುಗೆದರ್ ಅಂತ ಇದ್ದರೆ ಖರ್ಚು ಉಳಿಯಿತು. ಒಬ್ಬರು ಗೇಮ್ ಕೊಂಡರೆ ಸಾಕು. ಅವರ ಕಂಪ್ಯೂಟರ್‌ನಲ್ಲಿ ಹಾಟ್‌ಸೀಟ್ ಆಟ ಶುರು ಮಾಡಿ, ಉಳಿದವರು ಇಂಟರ್ನೆಟ್ ಮೂಲಕ ಅದೇ ಪರದೆಗೆ ಬರಬಹುದು. ಮೌಸ್ ಹೊಡೆತದಲ್ಲಿ ಸೆಕೆಂಡಿನ ಒಂದಷ್ಟು ಭಾಗ ತಡವಾದರೂ ಟರ್ನ್ ಬೇಸ್ಡ್ ಆಟಕ್ಕೆ ಏನೂ ಆಗುವುದಿಲ್ಲ. ತೊಂದರೆ ಅಂದರೆ ಎಲ್ಲರಿಗೂ ಎಲ್ಲರ ಆಟ ಕಾಣುತ್ತದೆ. ಎದುರಾಳಿಯ ಸೈನ್ಯ ಮುಚ್ಚಿಡುವ ಗೇಮ್ ಆದರೆ ಇದು ಉಪಯೋಗಕ್ಕೆ ಬರುವುದಿಲ್ಲ.

ಹಳೇ ಗೇಮ್ ಕೊಳ್ಳುವಾಗ ಯಾವ ಆವೃತ್ತಿ ಅಂತ ನೋಡದೆ ಮೋಸ ಹೋಗಬೇಡಿ. 1999ರ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಇಂದಿಗೂ ಹಾಟ್‌ಸೀಟ್‌ನ ರಾಜ. ಇದರ ಕಂಪ್ಲೀಟ್ ಆವೃತ್ತಿ ಕೊಂಡರೆ ಎರಡು ವಿಸ್ತರಣೆಗಳೂ (ಆಮೇಲೆ ಬಂದ ಹೆಚ್ಚುವರಿ ಭಾಗಗಳು) ಬರುತ್ತವೆ. ಅದರ ಮೇಲೆ ಅಭಿಮಾನಿಗಳು ಮಾಡಿದ ಹಾರ್ನ್ ಆಫ್ ದಿ ಅಬಿಸ್ ಉಚಿತವಾಗಿ ಹಾಕಿಕೊಳ್ಳಬಹುದು. ಇದರಲ್ಲಿ ಎದುರಾಳಿಯನ್ನು ಹುಡುಕುವ ಆನ್‌ಲೈನ್ ಲಾಬಿ ಇದೆ, ಚೆಸ್ ಗಡಿಯಾರದಂಥ ಟೈಮರ್ ಇದೆ. ಮ್ಯಾಪ್‌ನಲ್ಲಿ ಇಬ್ಬರೂ ಇನ್ನೂ ದೂರದೂರ ಇರುವಾಗ, ಆಟದೊಳಗಿನ ಮೊದಲ ಕೆಲವು ದಿನಗಳ ಟರ್ನ್‌ಗಳನ್ನು ಒಟ್ಟಿಗೇ ಆಡುವ ವ್ಯವಸ್ಥೆಯೂ ಇದೆ. 2015ರಲ್ಲಿ ಬಂದ ಎಚ್‌ಡಿ ಎಡಿಶನ್ ಕಣ್ಣಿಗೆ ಚೆನ್ನಾಗಿದೆ, ಆದರೆ ವಿಸ್ತರಣೆಗಳು ಅದರಲ್ಲಿಲ್ಲ. ಹಾರ್ನ್ ಆಫ್ ದಿ ಅಬಿಸ್ ಅದಕ್ಕೆ ಹೊಂದುವುದೂ ಇಲ್ಲ. ಹೊಸದು, ಹೊಳೆಯುತ್ತದೆ ಅಂತ ಅದನ್ನು ಕೊಂಡರೆ ಗೆಳೆಯರ ಜೊತೆ ಆಡಲು ಮತ್ತೆ ಹಳೆಯದನ್ನು ಕೊಳ್ಳಬೇಕಾಗುತ್ತದೆ.

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಕಥೆ ಆಡಿ ಕಳೆಯಬೇಡಿ. ನೇರ ಮಲ್ಟಿಪ್ಲೇಯರ್‌ಗೆ ಹೋಗಿ ಗೆಳೆಯನನ್ನು ಕರೆಯಿರಿ. ಕನೆಕ್ಟ್ ಆಗುತ್ತದೆಯಾ, ಒಂದು ಟರ್ನ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ, ಲೈನ್ ಕಡಿದುಹೋದರೆ ಮತ್ತೆ ಅಲ್ಲಿಂದಲೇ ಶುರು ಮಾಡಬಹುದಾ, ಇದನ್ನು ಪರೀಕ್ಷೆ ಮಾಡಿ. ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

6. ನಿಯಮ ಬರೆದಿಟ್ಟುಕೊಳ್ಳಿ

ಟರ್ನ್‌ಗೆ ಎಷ್ಟು ನಿಮಿಷ, ಬಿಡುವಾದಾಗ ಆಡುವ ಆಟವಾದರೆ ಎಷ್ಟು ದಿನ, ಅದು ಮೀರಿದರೆ ಏನು? ಊರಿಗೆ ಹೋದವನ ಬದಲು ಕಂಪ್ಯೂಟರ್ ಆಡುತ್ತದಾ, ಇನ್ನೊಬ್ಬ ಆಡುತ್ತಾನಾ? ಗ್ರೂಪ್‌ನಲ್ಲಿ ‘ಗುರೂ, ಎರಡು ದಿನ ಆಯ್ತು, ಟರ್ನ್ ಹಾಕೋ ಮಾರಾಯ’ ಅಂತ ಮೆಸೇಜ್ ಬರಲು ಶುರುವಾಗುವ ಮೊದಲೇ ಇದು ತೀರ್ಮಾನ ಆಗಿರಬೇಕು.

ಸೇವ್ ಫೈಲ್ ಅನ್ನು ಈಮೇಲ್‌ನಲ್ಲಿ ಕಳಿಸುವ ಹಳೇ ಪದ್ಧತಿಯಲ್ಲಿ ಇನ್ನೊಂದು ಜಗಳ ಇದೆ. ಏಟು ತಪ್ಪಿದರೆ ಫೈಲ್ ಮತ್ತೆ ತೆರೆದು ಆಡುವ ಆಸೆ ಯಾರಿಗೆ ಬರುವುದಿಲ್ಲ? ಫೀಲ್ಡ್ ಆಫ್ ಗ್ಲೋರಿ 2, ಪ್ಯಾಂಝರ್ ಕೋರ್ 2 ತಂದ ಸ್ಲಿಥರೀನ್ ಕಂಪನಿ ಟರ್ನ್‌ಗಳನ್ನು ತನ್ನದೇ ಸರ್ವರ್ ಮೂಲಕ ದಾಟಿಸುತ್ತದೆ. ಅಪರಿಚಿತರ ಜೊತೆ ಆಡುವುದಾದರೆ ಇಂಥ ವ್ಯವಸ್ಥೆ ಇರುವ ಗೇಮನ್ನೇ ಹುಡುಕಿ. ಗೆಳೆಯರಲ್ಲಿ ‘ಮಾತು ಅಂದರೆ ಮಾತು’ ಅಂತ ಒಪ್ಪಿಕೊಂಡರೆ ಸಾಕು.

ಕೊನೆಗೊಂದು ಚಿಕ್ಕ ಕೆಲಸ. ಎಲ್ಲರ ಬಳಿ ಗೇಮ್‌ನ ಆವೃತ್ತಿ ಸಂಖ್ಯೆ ಒಂದೇ ಇದೆಯಾ, ಮಾಡ್‌ಗಳು (ಗೇಮ್‌ಗೆ ಅಭಿಮಾನಿಗಳು ಮಾಡಿದ ಬದಲಾವಣೆಗಳು) ಒಂದೇ ಇವೆಯಾ ಅಂತ ಆಡುವ ಹಿಂದಿನ ದಿನವೇ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಇಲ್ಲದಿದ್ದರೆ ಶನಿವಾರ ರಾತ್ರಿ ಮೂವರು ರೆಡಿ ಆಗಿ ಕೂತಿರುತ್ತಾರೆ, ನಾಲ್ಕನೆಯವನು ಅಪ್‌ಡೇಟ್ ಡೌನ್‌ಲೋಡ್ ಮಾಡುತ್ತಿರುತ್ತಾನೆ.