ಬೇಳೆ ಮಿಲ್ ಯೋಜನೆಗೆ ಗಡಿ ಹಾಕಿದ್ದು ಹೀಗೆ

ಕಲಬುರಗಿ ತಾಲೂಕಿನ ನಮ್ಮ ರೈತರ ಗುಂಪಿನ ಬೇಳೆ ಮಿಲ್ ಯೋಜನೆ ಸಭೆಯಿಂದ ಸಭೆಗೆ ಹಿಗ್ಗುತ್ತಿತ್ತು: ಗೋದಾಮು, ಬೀಜ ಮಾರಾಟ, ಸ್ವಂತ ಬ್ರ್ಯಾಂಡ್. ಅದಕ್ಕೆ ತಡೆ ಹಾಕಿದ್ದು ಒಂದು ವಾಕ್ಯ: "ಮೊದಲ ಹಂಗಾಮಿನಲ್ಲಿ ದಿನಕ್ಕೆ 10 ಕ್ವಿಂಟಲ್ ಸದಸ್ಯರ ತೊಗರಿ ಒಡೆದು, ಬೇಳೆಯನ್ನು ಸಗಟಾಗಿ ಮಾರುವುದು." 'ಆದಾಯ ಹೆಚ್ಚಳ'ದಂಥ ಅಳತೆಗೆ ಸಿಗದ ಮಾತನ್ನು ಗುರಿ ಎಂದು ಬರೆಯಲಿಲ್ಲ.

ಆ 10 ಕ್ವಿಂಟಲ್ ಹಿಡಿದು ಲೆಕ್ಕ ಹಾಕಿದಾಗಲೇ ನಿಜವಾದ ಅಡಚಣೆ ಕಂಡಿತು. ಕ್ವಿಂಟಲಿಗೆ 70 ಕೆಜಿ ಬೇಳೆ ಎಂದು ಹಿಡಿದರೆ ದಿನಕ್ಕೆ 7 ಕ್ವಿಂಟಲ್. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ ಹೋಗುತ್ತದೆ. ಆದರೆ ಸಿಪ್ಪೆ ಸಡಿಲಾಗಲೆಂದು, ಮೇಲ್ಮೈ ಗೀರಿದ ಕಾಳಿಗೆ ಎಣ್ಣೆ ಸವರಿ 3 ದಿನ ಒಣಗಿಸುವುದಾದರೆ ಕಣದಲ್ಲಿ ಯಾವಾಗಲೂ 30 ಕ್ವಿಂಟಲ್ ಹರಡಿರುತ್ತದೆ. ಕಣ ಚಿಕ್ಕದಾದರೆ ಎಂಥ ದೊಡ್ಡ ಯಂತ್ರವೂ ಕಾಳಿಲ್ಲದೆ ನಿಲ್ಲುತ್ತದೆ. ಹಾಗಾಗಿ ದೊಡ್ಡ ಯಂತ್ರದ ಹಣ ಸಿಮೆಂಟ್ ಕಣಕ್ಕೆ ಹೋಯಿತು.

'ಈ ವರ್ಷ ಇಲ್ಲ' ಎಂಬ ಪಟ್ಟಿಗೂ ಎಲ್ಲರ ಸಹಿ ಹಾಕಿಸಿದೆ. ಇದು ಗುರಿಯಷ್ಟೇ ಮುಖ್ಯ. ಅದರಲ್ಲಿ ಮೊದಲನೆಯದು, 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಪಡೆದ ನಮ್ಮ ತೊಗರಿ ಬೇಳೆಯ ಹೆಸರಿನ ಪ್ಯಾಕೆಟ್. ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಬೇಕು, ಅದೇ ಬೇರೆ ಕೆಲಸ. ಹೊಸದನ್ನು ಸೇರಿಸಬೇಕೆನ್ನುವವರು ಖರ್ಚು ಎಷ್ಟು, ಹೊಣೆ ಯಾರದು, ಬದಲಿಗೆ ಯಾವುದನ್ನು ಬಿಡಬೇಕು ಎಂದು ಬರೆದು ತರಬೇಕು.